ಬ್ರೌಸರ್ ಒಳಗಿಟ್ಟ ಆಡಿಯೋ ಕಾಣ್ತಿಲ್ಲ, ವಾಪಸ್ ತರಬಹುದಾ?

ಪ್ರಶ್ನೆ: ನಮಸ್ಕಾರ ಸರ್. ಸೋಬಾನೆ ಪದ ರೆಕಾರ್ಡ್ ಮಾಡೋಕೆ ಒಂದು ವೆಬ್ ಆ್ಯಪ್ ಬರೆದಿದ್ದೀನಿ. ಹಳ್ಳಿಲಿ ನೆಟ್‌ವರ್ಕ್ ಇರಲ್ಲ ಅಂತ ಆಡಿಯೋನ ಓಪಿಎಫ್‌ಎಸ್‌ನಲ್ಲಿ, ಅಂದ್ರೆ ಬ್ರೌಸರ್ ಪ್ರತಿ ಸೈಟಿಗೂ ಪ್ರತ್ಯೇಕವಾಗಿ ಕೊಡೋ ಖಾಸಗಿ ಫೈಲ್ ಸಿಸ್ಟಮ್‌ನಲ್ಲಿ ಇಡ್ತೀನಿ. ಆಂಡ್ರಾಯ್ಡ್ ಕ್ರೋಮ್‌ನಲ್ಲಿ ಎಲ್ಲಾ ಇದೆ. ಐಫೋನ್ ಸಫಾರಿಲಿ ಮಾಡಿದ ನಾಲ್ಕು ಹಾಡು ಹತ್ತು ದಿನ ಬಿಟ್ಟು ನೋಡಿದ್ರೆ ಇಲ್ಲ. ಫೈಲ್ಸ್ ಆ್ಯಪ್‌ನಲ್ಲೂ ಹುಡುಕಿದೆ. ಹಾಡಿದ ಅಜ್ಜಿಗೆ ವಯಸ್ಸಾಗಿದೆ, ಮತ್ತೆ ಹಾಡಿಸೋದು ಕಷ್ಟ.

ಉತ್ತರ: ಓದಿ ಬೇಜಾರಾಯ್ತು. ಫೈಲ್ಸ್ ಆ್ಯಪ್‌ನಲ್ಲಿ ಅದು ಯಾವತ್ತೂ ಕಾಣಲ್ಲ. ಓಪಿಎಫ್‌ಎಸ್ ಫೋಲ್ಡರ್ ಥರ ಕಂಡರೂ ಬ್ರೌಸರ್ ತನಗೆ ಬೇಕಾದ ರೀತಿಲಿ ಒಳಗೆ ಇಟ್ಟುಕೊಳ್ಳುತ್ತೆ, ನಿಮ್ಮ ಸೈಟಿಗೆ ಮಾತ್ರ ತೋರಿಸುತ್ತೆ.

ಮೊದಲು ವಿಳಾಸ ನೋಡಿ. ಎಚ್‌ಟಿಟಿಪಿಎಸ್, ಹೋಸ್ಟ್ ಹೆಸರು, ಪೋರ್ಟ್ ಮೂರೂ ಸೇರಿ ಒಂದು ಆರಿಜಿನ್, ಅಂದ್ರೆ ಬ್ರೌಸರ್ ಲೆಕ್ಕದಲ್ಲಿ ಒಂದು ಸೈಟ್. ಇದರಲ್ಲಿ ಒಂದು ಬದಲಾದ್ರೂ ಸ್ಟೋರೇಜ್ ಬೇರೆ. ಡಬ್ಲ್ಯುಡಬ್ಲ್ಯುಡಬ್ಲ್ಯು ಹಾಕಿದ್ದು ಬೇರೆ, ಹಾಕದ್ದು ಬೇರೆ. ಐಫೋನಿನಲ್ಲಿ ಹೋಮ್ ಸ್ಕ್ರೀನಿಗೆ ಸೇರಿಸಿದ ಆ್ಯಪ್‌ಗೂ ಸಫಾರಿ ಟ್ಯಾಬಿಗೂ ಸ್ಟೋರೇಜ್ ಬೇರೆ. ರೆಕಾರ್ಡ್ ಮಾಡಿದ್ದು ಒಂದರಲ್ಲಿ, ಈಗ ಹುಡುಕ್ತಿರೋದು ಇನ್ನೊಂದರಲ್ಲಿ ಆಗಿರಬಹುದು.

ಎರಡೂ ಅಲ್ಲ ಅಂದ್ರೆ ಸಫಾರಿಯೇ ಅಳಿಸಿರೋ ಸಾಧ್ಯತೆ ಹೆಚ್ಚು. 2020ರಿಂದ ಅದಕ್ಕೊಂದು ನಿಯಮ ಇದೆ: ಸಫಾರಿ ಬಳಸಿದ 7 ದಿನಗಳಲ್ಲಿ ಒಮ್ಮೆಯೂ ಸೈಟನ್ನು ಮುಟ್ಟದಿದ್ದರೆ, ಆ ಸೈಟಿನ ಕೋಡ್ ಬರೆದಿಟ್ಟ ದತ್ತಾಂಶ ಅಳಿಸುತ್ತೆ. ಹಿಂಬಾಲಿಸೋ ಜಾಹೀರಾತಿನವರನ್ನು ತಡೆಯೋಕೆ ತಂದ ನಿಯಮ, ಪೆಟ್ಟು ಬಿದ್ದಿದ್ದು ನಿಮ್ಮಂಥವರಿಗೆ. ಅಳಿಸಿದ್ದನ್ನು ವೆಬ್ ಕೋಡಿನಿಂದ ವಾಪಸ್ ತರೋ ದಾರಿ ಇಲ್ಲ.

ಮರುಪ್ರಶ್ನೆ: ವಿಳಾಸ ಅದೇ ಸರ್, ಹೋಮ್ ಸ್ಕ್ರೀನಿಗೆ ಸೇರಿಸಿರಲಿಲ್ಲ. ಹೋಯ್ತು ಅಂತಾಯ್ತು. ಇನ್ಮುಂದೆ ಪರ್ಸಿಸ್ಟ್ ಅನುಮತಿ, ಅಂದ್ರೆ ಡೇಟಾನ ತಾನಾಗೇ ಅಳಿಸಬೇಡ ಅಂತ ಬ್ರೌಸರ್ ಹತ್ರ ಕೇಳೋ ಅನುಮತಿ, ಕೇಳಿದ್ರೆ ಸಾಕಾ? ಎರಡು ಟ್ಯಾಬ್ ತೆರೆದಾಗ ‘ನೋ ಮಾಡಿಫಿಕೇಷನ್ ಅಲೋಡ್’ (ಬದಲಾಯಿಸೋಕೆ ಅನುಮತಿ ಇಲ್ಲ) ಅನ್ನೋ ದೋಷ ಬೇರೆ ಬರ್ತಿದೆ.

ಉತ್ತರ: ಪರ್ಸಿಸ್ಟ್ ಕೇಳಿ, ಆದರೆ ಅದನ್ನೇ ನಂಬಬೇಡಿ. ಕೊಡೋದು ಬಿಡೋದು ಬ್ರೌಸರ್ ಇಷ್ಟ. ಹೋಮ್ ಸ್ಕ್ರೀನಿಗೆ ಸೇರಿಸಿದ್ದರೆ ಸಫಾರಿ ಕೊಡೋ ಸಾಧ್ಯತೆ ಹೆಚ್ಚು, 7 ದಿನದ ನಿಯಮದಿಂದಲೂ ಪಾರಾಗ್ತೀರಿ. ಆದ್ರೂ ಯಾರಾದ್ರೂ ಸೆಟ್ಟಿಂಗ್ಸ್‌ಗೆ ಹೋಗಿ ಸೈಟಿನ ಡೇಟಾ ಅಳಿಸಿದ್ರೆ ಎಲ್ಲಾ ಹೋಗುತ್ತೆ.

ಟ್ಯಾಬ್ ದೋಷಕ್ಕೆ ಕಾರಣ ಬೀಗ. ವರ್ಕರ್‌ನಲ್ಲಿ (ಪುಟದ ಹಿಂದೆ ಬೇರೆಯಾಗಿ ಓಡೋ ಕೋಡ್) ಸಿಂಕ್ ಆ್ಯಕ್ಸೆಸ್ ಹ್ಯಾಂಡಲ್, ಅಂದ್ರೆ ಫೈಲನ್ನು ನೇರವಾಗಿ ಓದಿ ಬರೆಯೋ ಹಿಡಿ, ತೆಗೆದ ತಕ್ಷಣ ಆ ಫೈಲಿಗೆ ಬೀಗ ಬೀಳುತ್ತೆ. ಕ್ಲೋಸ್ ಮಾಡೋವರೆಗೂ ಇನ್ನೊಂದು ಟ್ಯಾಬಿಗೆ ಹ್ಯಾಂಡಲ್ ಸಿಗಲ್ಲ. ಒಂದೊಂದು ಹಾಡಿಗೂ ಬೇರೆ ಫೈಲ್ ಮಾಡಿ. ರೆಕಾರ್ಡಿಂಗ್ ನಡೀತಿರುವಾಗಲೇ ಆಗಾಗ ಫ್ಲಶ್ ಮಾಡಿ (ಬರೆದಿದ್ದನ್ನು ಫೈಲಿಗೆ ಪೂರ್ತಿ ಇಳಿಸಿ), ಮುಗಿದ ಮೇಲೆ ಕ್ಲೋಸ್ ಮರೀಬೇಡಿ.

ಓಪಿಎಫ್‌ಎಸ್ ಕೆಲಸದ ಮೇಜು ಅಷ್ಟೇ, ತಿಜೋರಿ ಅಲ್ಲ. ಹಾಡು ಮುಗಿದ ಕೂಡಲೇ ಶೇರ್ ಬಟನ್ ತೋರಿಸಿ. ಐಫೋನಿನಲ್ಲಿ ಅದರಿಂದಲೇ ಫೈಲ್ಸ್ ಆ್ಯಪ್‌ಗೆ ಉಳಿಸಬಹುದು, ನೆಟ್‌ವರ್ಕ್ ಬೇಡ. ಅಜ್ಜಿ ಮನೆಯಿಂದ ನೀವು ಹೊರಡೋ ಮುಂಚೆ ಆ ಉಳಿಸಿದ ಪ್ರತಿಯನ್ನು ಒಮ್ಮೆ ಕೊನೇವರೆಗೂ ಕೇಳಿ ನೋಡಿ.