ಅಜ್ಜನ ಜೋಡುನಳಿಗೆ ರೈಫಲ್: ಲೈಸೆನ್ಸ್ ಪುಸ್ತಕದಲ್ಲಿ ಬರೀ ‘.400’, ತೋಟಾ ಯಾವುದು?

ಮುಳ್ಳೇರಿಯದ ತೋಟದವ:

ನಮಸ್ಕಾರ. ನಮ್ಮದು ಮುಳ್ಳೇರಿಯ ಹತ್ತಿರ ಅಡಿಕೆ ತೋಟ. ಅಜ್ಜನ ಕಾಲದ ಒಂದು ಜೋಡುನಳಿಗೆ ರೈಫಲ್ ಇದೆ. ಹೊರಗೆ ಎರಡು ಹ್ಯಾಮರ್, ಅಡಿಯಲ್ಲಿ ಲಿವರ್. 1956ಕ್ಕೆ ಮೊದಲು ಕಾಸರಗೋಡು ದಕ್ಷಿಣ ಕನ್ನಡದ ತಾಲೂಕಾಗಿತ್ತಲ್ಲ, ಆಗ ಮಂಗಳೂರಿನಲ್ಲಿ ಮಾಡಿಸಿದ ಲೈಸೆನ್ಸು. ಅದರಲ್ಲಿ ‘.400 ಬೋರ್’ ಅಂತ ಮಾತ್ರ ಇದೆ. ಆಮೇಲೆ ಬಂದ ಪುಸ್ತಕಗಳಿಗೂ ಅಷ್ಟನ್ನೇ ನಕಲು ಮಾಡಿದ್ದಾರೆ.

1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅಜ್ಜ ಇದರಲ್ಲಿ ಒಂದು ಈಡೂ ಹಾರಿಸಲಿಲ್ಲ. ವರ್ಷಕ್ಕೊಮ್ಮೆ, ಮಳೆ ಹಿಡಿಯುವ ಮೊದಲು, ಎಣ್ಣೆ ಹಚ್ಚಿ ಇಡುತ್ತಿದ್ದರು. ಅಪ್ಪ ತೀರಿಕೊಂಡಾಗ ಲೈಸೆನ್ಸ್ ಇರುವ ಡೀಲರ್ ಬಳಿ ಠೇವಣಿ ಇಟ್ಟೆವು. ಈಗ ನನ್ನ ಹೆಸರಿಗೆ ಮಾಡಿಸಬೇಕು. ಅರ್ಜಿಯಲ್ಲಿ ತೋಟಾದ ಹೆಸರು ತಪ್ಪಾಗಬಾರದು ಅಂತ ನನ್ನಾಸೆ.

ಮಾವ ಇದು .303 ಅಂತಾರೆ. ಹಿಂದೆ ಯಾರೋ .303ರ ಖಾಲಿ ಚಿಪ್ಪು ಹಾಕಿ ನೋಡಿದ್ದರಂತೆ, ಸಲೀಸಾಗಿ ಒಳಗೆ ಹೋಯಿತಂತೆ. ನಾನು ಡೀಲರ್ ಎದುರಲ್ಲೇ ನಳಿಗೆಯ ಬಾಯಿಗೆ ವರ್ನಿಯರ್ ಇಟ್ಟೆ. ಒಮ್ಮೆ 10.1 ಮಿ.ಮೀ., ಇನ್ನೊಮ್ಮೆ 10.2. ಒಳಗೆ ಗುಂಡನ್ನು ತಿರುಗಿಸುವ ಏಳು ಸುರುಳಿ ಗೆರೆಗಳಿವೆ. ಬೇರೆ ಹೇಗೆ ಪತ್ತೆ ಮಾಡುವುದು?

ಸುಳ್ಯದ ಹಳಬ:

ಮೊದಲು ಆ .303 ಮಾತನ್ನು ಬಿಟ್ಟುಬಿಡಿ. ಸಣ್ಣ ಲೋಟ ದೊಡ್ಡ ಚೊಂಬಿನೊಳಗೆ ಹೋಗೇ ಹೋಗುತ್ತದೆ, ಅಲ್ವಾ? .303ರ ಗುಂಡು 7.9 ಮಿ.ಮೀ. ಚಿಲ್ಲರೆ. ನಿಮ್ಮ ನಳಿಗೆ ಅದಕ್ಕಿಂತ ಎರಡು ಮಿ.ಮೀ. ಜಾಸ್ತಿ ಅಗಲ. ಒಳಗೆ ಕೂತದ್ದೆಲ್ಲ ಅದರ ತೋಟಾ ಅಂದುಕೊಂಡು ಕೈ, ಕಣ್ಣು ಕಳಕೊಂಡವರಿದ್ದಾರೆ. ದಯವಿಟ್ಟು ಇನ್ನು ಯಾರಿಗೂ ಏನನ್ನೂ ಹಾಕಿ ನೋಡಲು ಬಿಡಬೇಡಿ.

.400 ಅನ್ನುವುದು ಇಂಚಿನಲ್ಲಿ ನಳಿಗೆಯ ಅಳತೆ, ತೋಟಾದ ಹೆಸರಲ್ಲ. ಆ ಅಳತೆಗೆ ಬ್ರಿಟಿಷರು ಎಷ್ಟೋ ತೋಟಾ ಮಾಡಿದ್ದರು. .400 ಪರ್ಡಿ ಒಂದು, ಅದು ಸಪೂರ. .450/.400 ಅನ್ನುವುದು ಇನ್ನೊಂದು. .450ರ ಚಿಪ್ಪಿನ ಕುತ್ತಿಗೆ ಕಿರಿದು ಮಾಡಿ .400ರ ಗುಂಡು ಕೂರಿಸಿದ್ದು. ಅದರಲ್ಲೇ ಮೂರು ಉದ್ದ: ಸುಮಾರು 60 ಮಿ.ಮೀ., 76 ಮಿ.ಮೀ., 82.5 ಮಿ.ಮೀ. ಕೊನೆಯದೇ ಮೂರೂಕಾಲು ಇಂಚಿನದು. ಮೂರು ಇಂಚಿನದು 1902ರ ಸುಮಾರಿಗೆ ಜೆಫ್ರಿ ಕಂಪನಿಯಿಂದ ಬಂತು. ಉದ್ದದ ಚಿಪ್ಪು ಸೆಖೆಯಲ್ಲಿ ಚೇಂಬರಿಗೆ (ನಳಿಗೆಯ ಹಿಂಬದಿ, ತೋಟಾ ಕೂರುವ ಜಾಗ) ಕಚ್ಚಿಕೊಳ್ಳುತ್ತಿತ್ತು ಅಂತ ಕುತ್ತಿಗೆ ಮೊಟಕು ಮಾಡಿ ಬುಡದ ಅಂಚು ದಪ್ಪ ಮಾಡಿದರು.

ಹಾಗಾಗಿ ಚೇಂಬರಿನ ಎರಕ, ಅಂದರೆ ಅದರ ಒಳಗಿನ ಆಕಾರದ ಅಚ್ಚು, ತೆಗೆಸಬೇಕು. ಡೀಲರ್ ಬಳಿಯೇ, ಅವರ ಕೆಲಸಗಾರನಿಂದಲೇ. ಸೆರೋಸೇಫ್ ಅಂತ ಒಂದು ಮಿಶ್ರಲೋಹ ಇದೆ. 70ರಿಂದ 88 ಡಿಗ್ರಿ ಸೆಲ್ಸಿಯಸ್ಸಿನೊಳಗೆ ಕರಗುತ್ತದೆ, ಕುದಿಯುವ ನೀರಿನ ಬಿಸಿ ಸಾಕು. ಅದರಲ್ಲಿ ಸೀಸ, ಕ್ಯಾಡ್ಮಿಯಂ ಇರುವುದರಿಂದ ಗಾಳಿಯಾಡುವ ಕಡೆ ಮಾಡಲಿ, ಅಡುಗೆ ಪಾತ್ರೆ ಬೇಡ. ಚೇಂಬರ್ ಒರೆಸಿ, ಎಣ್ಣೆಯ ಪಸೆ ಮಾತ್ರ ಉಳಿಸಬೇಕು. ಚೇಂಬರ್ ಮುಗಿದ ಜಾಗದಿಂದ ಒಂದಿಂಚು ಮುಂದೆ ಬಟ್ಟೆಯ ಬಿರಡೆ. ನಳಿಗೆ ನೆಟ್ಟಗೆ ನಿಲ್ಲಿಸಿ ಹಿಂದಿನಿಂದ ಹೊಯ್ಯುವುದು. ಮೊದಲ ಅರ್ಧ ಗಂಟೆ ಎರಕ ಕುಗ್ಗುತ್ತದೆ, ಆಗಲೇ ಬಾಯಿಯ ಕಡೆಯಿಂದ ಕೋಲು ಹಾಕಿ ಮೆಲ್ಲಗೆ ತಳ್ಳಿ ತೆಗೆಯಬೇಕು. ಆಮೇಲೆ ಹಿಗ್ಗಲು ಶುರು. ಹೊಯ್ದು ಸರಿಯಾಗಿ ಒಂದು ಗಂಟೆಗೆ ಅದು ಚೇಂಬರಿನದೇ ಅಳತೆಗೆ ಬರುತ್ತದೆ. ಆ ಹೊತ್ತಿಗೇ ಅಳೆಯಿರಿ. ಎರಡೂ ನಳಿಗೆಯದ್ದು ಬೇಕು.

ವರ್ನಿಯರ್ ನಿಮಗೆ ಮೋಸ ಮಾಡಿದ್ದು ಏಳು ಗೆರೆಯಿಂದ. ಬೆಸ ಲೆಕ್ಕದಲ್ಲಿ ಗೆರೆಯ ಎದುರು ಗೆರೆ ಬರುವುದಿಲ್ಲ, ದಿಬ್ಬ ಬರುತ್ತದೆ. ಅದಕ್ಕೇ ಗೆರೆಯ ನಿಜವಾದ ಅಳತೆ ಅದಕ್ಕೆ ಸಿಗುವುದಿಲ್ಲ. ಎರಕದ ಮುಂದಿನ ತುದಿ ಗೆರೆಗಳೊಳಗೆ ಹೋಗಿರುತ್ತದೆ. ಅದಕ್ಕೆ ತೆಳು ತಗಡು ಸುತ್ತಿ ಅಳೆದು, ತಗಡಿನ ದಪ್ಪ ಕಳೆಯಿರಿ.

ಇದೆಲ್ಲಕ್ಕಿಂತ ಮುಖ್ಯ: ಮುಂದಿನ ಮರ ಬಿಚ್ಚಿ ನಳಿಗೆಯ ಅಡಿಯಲ್ಲಿ ಏನೇನು ಮುದ್ರೆ ಇದೆ ನೋಡಿ. ಪಾಲಿಶ್ ಮಾಡಲು ಹೋಗಬೇಡಿ. ಇದ್ದದ್ದನ್ನು ಇದ್ದ ಹಾಗೆ ಬರೆದು ಹೇಳಿ.

ಮುಳ್ಳೇರಿಯದ ತೋಟದವ:

ಎರಕ ಆಯಿತು. ಬಲ ನಳಿಗೆಯದ್ದು: ಅಂಚಿನ ಜಾಗ 15.7, ಬುಡ 13.9, ಹೆಗಲು 12.8, ಅಂಚಿನಿಂದ ಕುತ್ತಿಗೆಯ ತುದಿವರೆಗೆ 82.8 ಮಿ.ಮೀ. ಗೆರೆಯ ಅಳತೆ 10.35 ಹತ್ತಿರ. ಎಡದ್ದೂ ಹೆಚ್ಚುಕಮ್ಮಿ ಅದೇ.

ಮುದ್ರೆ: ಕತ್ತರಿ ಹಾಕಿದ ಎರಡು ರಾಜದಂಡ, ಮೇಲೆ ಕಿರೀಟ, ಸಂದುಗಳಲ್ಲಿ ಬಿ, ಪಿ, ಸಿ ಅಕ್ಷರ. ಪಕ್ಕದಲ್ಲಿ ಅಂಥದ್ದೇ ಇನ್ನೊಂದು, ಅದರಲ್ಲಿ ವಿ. ‘ಎನ್‌ಪಿ’ (ನೈಟ್ರೋ ಮದ್ದಿನ ಪರೀಕ್ಷೆಯ ಗುರುತು) ಅಂತಾಗಲಿ ‘ನೈಟ್ರೋ’ ಅಂತಾಗಲಿ ಎಲ್ಲೂ ಇಲ್ಲ. ಲೆನ್ಸ್ ಹಿಡಿದು ಎರಡು ಸಲ ನೋಡಿದೆ.

ಸುಳ್ಯದ ಹಳಬ:

ಅಳತೆ ಸ್ಪಷ್ಟ. ಇದು .450/.400, ಮೂರೂಕಾಲು ಇಂಚಿನದು. ಆದರೆ ಇಲ್ಲಿಗೆ ನಿಲ್ಲಿಸಿದರೆ ಅರ್ಧ ಉತ್ತರ ಮಾತ್ರ. ಇದೇ ಚೇಂಬರಿಗೆ ಎರಡು ಕಾಲದ ತೋಟಾ ಬಂದಿವೆ. ಮೊದಲು ಕರಿಮದ್ದಿನ ಎಕ್ಸ್‌ಪ್ರೆಸ್. ಆಮೇಲೆ ನೈಟ್ರೋ ಎಕ್ಸ್‌ಪ್ರೆಸ್, ಅಂದರೆ ಹೊಗೆ ಕಡಿಮೆಯ ಹೊಸ ಮದ್ದಿನದು: 60 ಗ್ರೇನ್ ಕಾರ್ಡೈಟ್, 400 ಗ್ರೇನ್ ಗುಂಡು. ಚಿಪ್ಪಿನ ಅಳತೆ ಒಂದೇ, ಒತ್ತಡ ಬಹಳ ಜಾಸ್ತಿ. ಯಾವುದಕ್ಕೆ ಮಾಡಿದ್ದು ಅಂತ ಎರಕ ಹೇಳುವುದಿಲ್ಲ, ಮುದ್ರೆ ಹೇಳುತ್ತದೆ. ನೀವು ನೋಡಿದ ರಾಜದಂಡ ಬರ್ಮಿಂಗ್‌ಹ್ಯಾಮ್ ಬಂದೂಕು ಪರೀಕ್ಷಾ ಕಚೇರಿಯ 1904ಕ್ಕಿಂತ ಹಿಂದಿನ ಗುರುತು. ನೈಟ್ರೋ ಗುರುತು ಇಲ್ಲ. ಜತೆಗೆ ಹೊರ ಹ್ಯಾಮರ್. ನಿಮ್ಮದು ಕರಿಮದ್ದಿನ ರೈಫಲ್.

ಇದೇ ಹೆಸರಿನ ನೈಟ್ರೋ ತೋಟಾ ಯಾರಾದರೂ ತಂದುಕೊಟ್ಟರೆ ಅದು ಅಚ್ಚುಕಟ್ಟಾಗಿ ಕೂರುತ್ತದೆ. ನನಗೆ ಹೆದರಿಕೆ ಇರುವುದೇ ಅದಕ್ಕೆ. ಅರ್ಜಿಯಲ್ಲಿ ‘.450/.400, ಮೂರೂಕಾಲು ಇಂಚು, ಬ್ಲ್ಯಾಕ್ ಪೌಡರ್ ಎಕ್ಸ್‌ಪ್ರೆಸ್’ ಅಂತ ಪೂರ್ತಿ ಬರೆಯಿರಿ. ನಾಳೆ ನಿಮ್ಮ ಮಗ ಪುಸ್ತಕ ತೆರೆದರೂ ಅನುಮಾನ ಬರಬಾರದು.

ಬದಿಯಡ್ಕದಿಂದ:

.450 ಅಂತ ಬರೆದರೆ ತೊಂದರೆ ಆಗದಾ? ಬ್ರಿಟಿಷರ ಕಾಲದಲ್ಲಿ .450 ನಿಷೇಧ ಇತ್ತು ಅಂತ ಕೇಳಿದ್ದೆ.

ಸುಳ್ಯದ ಹಳಬ:

ಇತ್ತು, ಸರಿ. 1907ರ ಹೊತ್ತಿಗೆ ಭಾರತಕ್ಕೆ .450 ಬೋರಿನ ಸಾಮಾನು ತರುವುದನ್ನು ತಡೆದರು. ಸೇನೆಯ ಹಳೆ ರೈಫಲ್ .577/.450 ಮಾರ್ಟಿನಿ-ಹೆನ್ರಿಗೆ ಆಗುವ ಗುಂಡು ಯಾರ ಕೈಗೂ ಸಿಗಬಾರದು ಅಂತ. ಅದಕ್ಕೇ .465, .470 ಹುಟ್ಟಿದ್ದು. ಆದರೆ ಇಲ್ಲಿ .450 ಅನ್ನುವುದು ತಾಯಿ ಚಿಪ್ಪಿನ ಹೆಸರು ಅಷ್ಟೇ. ಗುಂಡು, ನಳಿಗೆ ಎರಡೂ .400. ಬೋರ್ ಅಂತ ಕೇಳಿದ ಕಡೆ .400 ಅಂತಲೇ ಬರೆಯಿರಿ, ಹಳೆ ಪುಸ್ತಕಕ್ಕೂ ಹೊಂದುತ್ತದೆ. ಪೂರ್ತಿ ಹೆಸರು ವಿವರದ ಸಾಲಿಗೆ. ಡೀಲರ್ ಕೈಯಲ್ಲಿ ಅಳತೆ, ಮುದ್ರೆ ಎರಡನ್ನೂ ಬರೆಸಿ ಸಹಿ ಹಾಕಿಸಿ ಜತೆಗಿಡಿ.

ಮುಳ್ಳೇರಿಯದ ತೋಟದವ:

ತುಂಬಾ ಉಪಕಾರ ಆಯಿತು. ಸೋಮವಾರ ಬರೆಸಿಕೊಳ್ಳುತ್ತೇನೆ. ಎರಕವನ್ನೂ ಜೋಪಾನವಾಗಿ ಇಡುತ್ತೇನೆ, ಮುಂದೆ ಯಾರಾದರೂ ಕೇಳಿದರೆ ಅಳೆದು ತೋರಿಸಬಹುದು.

ಸುಳ್ಯದ ಹಳಬ:

ಇಡಿ, ಆದರೆ ಮುಂದೆ ಅದನ್ನು ಅಳೆದು ನಂಬಬೇಡಿ. ಒಂದು ಗಂಟೆ ಕಳೆದ ಮೇಲೂ ಅದು ಹಿಗ್ಗುತ್ತಲೇ ಇರುತ್ತದೆ. ಸುಮಾರು 200 ಗಂಟೆಗೆ ಇಂಚಿಗೆ 0.0025 ಇಂಚು ದೊಡ್ಡದಾಗಿರುತ್ತದೆ. ಮೊದಲ ದಿನದ ಅಳತೆ, ತಾರೀಕು, ಹೊಯ್ದ ಹೊತ್ತು, ಅಳೆದ ಹೊತ್ತು ಒಂದು ಚೀಟಿಯಲ್ಲಿ ಬರೆದು ಡಬ್ಬಿಯೊಳಗೆ ಹಾಕಿ. ಬಲದ್ದು ಯಾವುದು, ಎಡದ್ದು ಯಾವುದು ಅಂತಲೂ.