2016ರ ಫೇಸ್‌ಲಿಫ್ಟ್ ಸಡಿಲವಾಗುತ್ತಿದೆ: ಮಾಡಿಸಿಕೊಂಡವರು ದಯವಿಟ್ಟು ಅನುಭವ ತಿಳಿಸಿ

ವಿದ್ಯಾನಗರ, ದಾವಣಗೆರೆ:
ನನಗೀಗ 61 ವರ್ಷ. 2016ರಲ್ಲಿ ಬೆಂಗಳೂರಿನಲ್ಲಿ ಫೇಸ್‌ಲಿಫ್ಟ್, ಅಂದರೆ ಜೋತುಬಿದ್ದ ಮುಖವನ್ನು ಎತ್ತಿ ಬಿಗಿಗೊಳಿಸುವ ಶಸ್ತ್ರಚಿಕಿತ್ಸೆ, ಮಾಡಿಸಿಕೊಂಡಿದ್ದೆ. ಕೆನ್ನೆ ಇಂದಿಗೂ ತಕ್ಕಮಟ್ಟಿಗೆ ನಿಂತಿದೆ. ಆದರೆ ದವಡೆಯ ಅಂಚು ಮತ್ತೆ ಜೋತುಬಿದ್ದಿದೆ, ಕುತ್ತಿಗೆಯಲ್ಲಿ ಎರಡು ಪಟ್ಟಿಗಳು ಎದ್ದು ಕಾಣುತ್ತಿವೆ. ಹೃದಯದ ತೊಂದರೆಗಾಗಿ ದಿನವೂ ಆಸ್ಪಿರಿನ್ ನುಂಗುತ್ತೇನೆ. ಅಂದು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು ನಿವೃತ್ತರಾಗಿದ್ದಾರೆ. ಥ್ರೆಡ್ (ಚರ್ಮದಡಿ ದಾರ ಹಾಕಿ ಎಳೆಯುವುದು), ಫಿಲ್ಲರ್ (ಮುಖ ತುಂಬಿಸುವ ಚುಚ್ಚುಮದ್ದು), ಲೇಸರ್, ಎರಡನೆಯ ಫೇಸ್‌ಲಿಫ್ಟ್, ಇವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಲಿ?

ಜೆ.ಸಿ.ಆರ್. ಬಡಾವಣೆ, ಚಿತ್ರದುರ್ಗ:
ಮೇಡಂ, ಥ್ರೆಡ್ಡಿನ ಹತ್ತಿರವೂ ಸುಳಿಯಬೇಡಿ. ನನ್ನ ಫೇಸ್‌ಲಿಫ್ಟ್ ಸಡಿಲವಾಗತೊಡಗಿದಾಗ ಮತ್ತೊಮ್ಮೆ ಕತ್ತರಿಗೆ ಮುಖವೊಡ್ಡುವ ಧೈರ್ಯ ಸಾಲದೆ, ಬೆಂಗಳೂರಿನ ಒಂದು ಕ್ಲಿನಿಕ್‌ನಲ್ಲಿ ಪಿ.ಡಿ.ಒ. ಎಂಬ ಕರಗುವ ದಾರದ ಥ್ರೆಡ್ ಹಾಕಿಸಿಕೊಂಡೆ. ಶುಲ್ಕ 85,000, ಅದರ ಮೇಲೆ ಶೇಕಡಾ 18ರ ಜಿ.ಎಸ್.ಟಿ. 15,300, ಒಟ್ಟು 1,00,300 ರೂಪಾಯಿ. ಬಾತುಕೊಂಡ ಮುಖದಲ್ಲಿ ಬಸ್ಸು ಹತ್ತಲಾಗದೆ ದುರ್ಗದವರೆಗೆ ಹಿಡಿದ ಕಾರಿಗೆ 5,800, ಟೋಲ್ ಬೇರೆ. ಬಾಯಿ ಅಗಲಿಸಬಾರದು, ಗಟ್ಟಿ ಪದಾರ್ಥ ಅಗಿಯಬಾರದು ಎಂದು ತಾಕೀತು ಮಾಡಿದ್ದರಿಂದ ರೊಟ್ಟಿಯೂ ಇಲ್ಲ, ಮಂಡಕ್ಕಿಯೂ ಇಲ್ಲ, ಬರಿಯ ಅಂಬಲಿ. ಆ ದಾರ ಆರು ತಿಂಗಳ ಆಸುಪಾಸಿನಲ್ಲಿ ಕರಗಿಹೋಗುತ್ತದೆ, ಆದರೆ ಅದರ ಸುತ್ತ ಬೆಳೆಯುವ ಕೊಲ್ಯಾಜನ್ ಎಂಬ ಪ್ರೋಟೀನಿನ ನಾರು ಮುಖವನ್ನು ಹಿಡಿದಿಡುತ್ತದೆ ಎಂದು ಅವರು ಹೇಳಿದ್ದರು. ನನ್ನಲ್ಲಿ ಅದು ಹಿಡಿದಿಟ್ಟದ್ದು ಎಡಗೆನ್ನೆಯ ಒಂದು ಗುಳಿಯನ್ನು ಮಾತ್ರ. ಕಪೋಲದ ಬಳಿ ದಾರದ ತುದಿ ಚರ್ಮವನ್ನು ಚುಚ್ಚಿಕೊಂಡು ಹೊರಬಂದು ಕೀವಾಯಿತು. ಅದನ್ನು ತೆಗೆಯಲು 12,000, ಆಂಟಿಬಯೋಟಿಕ್‌ಗೆ 2,140 ಕೊಟ್ಟೆ. ತೆಗೆಯುವಾಗಲೂ ಜಿ.ಎಸ್.ಟಿ. ಹಾಕಿದರು ಎಂಬುದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಎಂ.ಸಿ.ಸಿ. ಬಿ ಬ್ಲಾಕ್, ದಾವಣಗೆರೆ:
ಚಿತ್ರದುರ್ಗದ ಸಹೋದರಿಯವರು ತಮ್ಮ ಕ್ಲಿನಿಕ್‌ನ ಕಥೆಯನ್ನು ಹೇಳಿದ್ದಾರೆ, ಆದರೆ ಬಿದ್ದ ಗೋಡೆಗೆ ಸುಣ್ಣ ಬಳಿಯಲು ಹೊರಟವರು ಸುಣ್ಣವನ್ನು ದೂರಿ ಫಲವಿಲ್ಲ. ನನ್ನ ಮೊದಲ ಫೇಸ್‌ಲಿಫ್ಟ್‌ನಲ್ಲಿ ಚರ್ಮವನ್ನಷ್ಟೇ ಎಳೆದು ಹೊಲಿದಿದ್ದರು. ಚರ್ಮ ಹಿಗ್ಗುವ ವಸ್ತು. ಅದರ ಮೇಲೆ ಭಾರ ಹೊರಿಸಿದರೆ ಮುಖ ಇಳಿಯುವುದಲ್ಲದೆ ಕಿವಿಹಾಲೆಯೂ ಕೆಳಗೆ ಜಗ್ಗುತ್ತದೆ, ನನಗೆ ಎರಡೂ ಆಯಿತು. ಚರ್ಮದ ಕೆಳಗೆ ಎಸ್.ಎಂ.ಎ.ಎಸ್. ಎಂಬ, ಮುಖದ ಸ್ನಾಯುಗಳಿಗೆ ಅಂಟಿಕೊಂಡ ಗಟ್ಟಿ ಪದರವೊಂದಿದೆ ಎಂದು 1976ರಷ್ಟು ಹಿಂದೆಯೇ ಫ್ರಾನ್ಸಿನ ವೈದ್ಯರಾದ ಮಿಟ್ಜ್ ಮತ್ತು ಪೆರೊನಿ ವಿವರಿಸಿದ್ದರು, 1990ರಲ್ಲಿ ಅಮೆರಿಕದ ಶಸ್ತ್ರಚಿಕಿತ್ಸಕ ಹಾಮ್ರಾ ಅದಕ್ಕಿಂತ ಆಳದಿಂದ ಎತ್ತುವ ಡೀಪ್ ಪ್ಲೇನ್ ವಿಧಾನವನ್ನು ಪ್ರಕಟಿಸಿದರು. ಎರಡನೆಯ ಬಾರಿ ನಾನು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಎಂಬ ಉನ್ನತ ಪದವಿ ಓದಿದವರನ್ನೇ ಹುಡುಕಿ, ಆ ಪದರವನ್ನೇ ಎತ್ತಿಸಿ, ಗದ್ದದ ಕೆಳಗಿನ ಸಣ್ಣ ಗಾಯದ ಮೂಲಕ ಪ್ಲಾಟಿಸ್ಮಾ ಎಂಬ ಕುತ್ತಿಗೆಯ ಸ್ನಾಯುವಿನ ಅಂಚುಗಳನ್ನು ನಡುವೆ ಸೇರಿಸಿ ಹೊಲಿಸಿಕೊಂಡೆ. ಕಿವಿಹಾಲೆಯೂ ಅದೇ ವೇಳೆ ಸರಿಯಾಯಿತು.

ಲೆಕ್ಕ ಕೇಳುವವರಿಗಾಗಿ ಬರೆಯುತ್ತೇನೆ: ವೈದ್ಯರ ಶುಲ್ಕ 2,60,000, ಅರಿವಳಿಕೆ ಮತ್ತು ಶಸ್ತ್ರಚಿಕಿತ್ಸಾ ಕೊಠಡಿ 1,15,000, ಕೊಠಡಿ, ಔಷಧಿ, ಪರೀಕ್ಷೆಗಳು 45,000, ಒಟ್ಟು 4,20,000. ಜಿ.ಎಸ್.ಟಿ. 75,600. ಮುಖಕ್ಕೆ ಬಿಗಿಯುವ ಎಲಾಸ್ಟಿಕ್ ಪಟ್ಟಿ 3,500. ರಕ್ತ ಕಟ್ಟಿಕೊಂಡರೆ ತಕ್ಷಣ ತೋರಿಸಬೇಕಾದ್ದರಿಂದ ಆಸ್ಪತ್ರೆಯ ಹತ್ತಿರವೇ ಲಾಡ್ಜ್ ಹಿಡಿದಿದ್ದೆವು. ನನ್ನ ಯಜಮಾನರು ಬೆಂಗಳೂರಿನಲ್ಲಿ ಬೆಣ್ಣೆ ದೋಸೆಗೆ ಕೊಟ್ಟ ಹಣವನ್ನು ನಾನು ಸೇರಿಸಿಲ್ಲ. ಕಿವಿಯ ಕೆಳಭಾಗ ಬಹುಕಾಲ ಮರಗಟ್ಟಿತ್ತು, ಓಲೆ ಹಾಕಿದ್ದೂ ತಿಳಿಯುತ್ತಿರಲಿಲ್ಲ. ಆದರೂ ಇಂದು ಕನ್ನಡಿಯ ಮುಂದೆ ನಿಂತರೆ ಒಂದು ರೂಪಾಯಿಯೂ ದಂಡವಾಯಿತು ಎನಿಸುವುದಿಲ್ಲ.

ಜೆ.ಸಿ.ಆರ್. ಬಡಾವಣೆ, ಚಿತ್ರದುರ್ಗ:
ಸುಣ್ಣ ಬಳಿದವರು ಯಾರು, ಗೋಡೆ ಬಿದ್ದದ್ದು ಯಾರದು ಎಂದು ನೀವು ತೀರ್ಮಾನಿಸಬೇಕಾಗಿಲ್ಲ. ಐದು ಲಕ್ಷ ಎಣಿಸುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ವಿಮೆಯವರು ಸೌಂದರ್ಯದ ಶಸ್ತ್ರಚಿಕಿತ್ಸೆಗೆ ಬಿಡಿಗಾಸೂ ಕೊಡುವುದಿಲ್ಲ. ಒಮ್ಮೆ ಕತ್ತರಿಸಿದ ಮುಖದಲ್ಲಿ ಗಾಯದ ಅಂಗಾಂಶ ಗಂಟುಕಟ್ಟಿಕೊಂಡಿರುವುದರಿಂದ ಎರಡನೆಯ ಬಾರಿ ಪದರಗಳನ್ನು ಬಿಡಿಸುವುದು ಕಷ್ಟ, ಮುಖವನ್ನು ಆಡಿಸುವ ನರಕ್ಕೆ ಪೆಟ್ಟು ಬೀಳದಂತೆ ಹೆಚ್ಚು ಎಚ್ಚರ ಬೇಕು ಎಂಬುದನ್ನು ತಾವು ಏಕೆ ಬರೆಯಲಿಲ್ಲ?

ಹರಿಹರ:
ಇಬ್ಬರೂ ಇಳಿದ ಮುಖದ ಬಗ್ಗೆ ಮಾತನಾಡುತ್ತಿದ್ದೀರಿ, ಬರಿದಾದ ಮುಖದ ಬಗ್ಗೆ ಯಾರೂ ಹೇಳುತ್ತಿಲ್ಲ. ನಾನು ಗಂಡಸು, ಫೇಸ್‌ಲಿಫ್ಟ್ ಮಾಡಿಸಿಕೊಂಡವನು, ನಗುವವರು ನಗಲಿ. ಸಕ್ಕರೆ ಕಾಯಿಲೆಗೆ ಸೆಮಾಗ್ಲುಟೈಡ್ ತೆಗೆದುಕೊಂಡು ತೂಕ ಇಳಿದಾಗ ಕೆನ್ನೆಯ ಕೊಬ್ಬೂ ಹೋಯಿತು; ಒಳಗೆ ತುಂಬಲು ಏನೂ ಇಲ್ಲದಿರುವಾಗ ಎಳೆದು ಕಟ್ಟಿದರೆ ಮುಖ ಗಾಳಿಗೆ ಒಡ್ಡಿದಂತೆ ಕಾಣುತ್ತದೆಯೇ ಹೊರತು ಎಳೆಯದಾಗುವುದಿಲ್ಲ. ನಾನು ಹೈಲುರೋನಿಕ್ ಆಮ್ಲದ ಫಿಲ್ಲರ್ ಹಾಕಿಸುತ್ತೇನೆ, ಸಿರಿಂಜ್ ಒಂದಕ್ಕೆ 22,000. ಹಿಡಿಸದಿದ್ದರೆ ಹೈಲುರೊನಿಡೇಸ್ ಚುಚ್ಚಿ ಕರಗಿಸಬಹುದು, ಕತ್ತರಿಸಿದ್ದನ್ನು ಹಾಗೆ ಕರಗಿಸಲಾಗದು. ಕುತ್ತಿಗೆಯ ಪಟ್ಟಿಗಳಿಗೆ ಬೊಟಾಕ್ಸ್ (ಸ್ನಾಯುವನ್ನು ಸಡಿಲಿಸುವ ಚುಚ್ಚುಮದ್ದು) ಹಾಕಿಸಿದರೆ ಮೂರ್ನಾಲ್ಕು ತಿಂಗಳು ತಗ್ಗಿರುತ್ತವೆ. ಲೇಸರ್ ಮಾತ್ರ ಬೇಡ: ಕಾರ್ಬನ್ ಡೈಆಕ್ಸೈಡ್ ಲೇಸರ್ ಮಾಡಿಸಿದ ಮೇಲೆ ನನ್ನ ಕೆನ್ನೆ ಕಪ್ಪಿಟ್ಟು, ಆ ಕಲೆ ತಿಳಿಯಾಗಲು ಲೇಸರ್‌ಗಿಂತ ಹೆಚ್ಚು ದುಡ್ಡಿನ ಕ್ರೀಂ ಹಚ್ಚಬೇಕಾಯಿತು. ನಮ್ಮ ಮೈಬಣ್ಣದವರಿಗೆ ಆ ಅಪಾಯ ಹೆಚ್ಚು.

ಎರಡನೆಯ ಫೇಸ್‌ಲಿಫ್ಟ್‌ಗೆ ನಾನು ತಲೆ ಹಾಕುವುದಿಲ್ಲ. ಮೊದಲನೆಯದಾದ ರಾತ್ರಿಯೇ ರಕ್ತ ಕಟ್ಟಿಕೊಂಡು ಮತ್ತೆ ಒಳಗೆ ಕರೆದೊಯ್ದರು. ಗಂಡಸರಿಗೆ ಇದು ಹೆಚ್ಚಂತೆ. ಗಡ್ಡದ ಚರ್ಮ ಹಿಂದಕ್ಕೆ ಸರಿದುದರಿಂದ ಇಂದಿಗೂ ಕಿವಿಯ ಬಾಯಿಯ ತನಕ ಕ್ಷೌರ ಮಾಡಿಕೊಳ್ಳುತ್ತೇನೆ. ಅಂದಹಾಗೆ ನನ್ನ ಕ್ಲಿನಿಕ್‌ನವರು ಜಿ.ಎಸ್.ಟಿ.ಯನ್ನೇ ಹಾಕುವುದಿಲ್ಲ, ನಗದು ಕೊಟ್ಟರೆ ಮುಗಿಯಿತು.

ಮಂಡಿಪೇಟೆ, ದಾವಣಗೆರೆ:
ನಾನು ಲೆಕ್ಕಪತ್ರ ನೋಡುವವನು, ನನ್ನ ಪತ್ನಿಯೂ ಫೇಸ್‌ಲಿಫ್ಟ್‌ನ ಹಾದಿಯಲ್ಲಿದ್ದಾರೆ. ಆಸ್ಪತ್ರೆಯ ಚಿಕಿತ್ಸೆಗೆ ಜಿ.ಎಸ್.ಟಿ. ವಿನಾಯಿತಿ ಇದೆ, ಅಪಘಾತದ ಗಾಯ ಅಥವಾ ಹುಟ್ಟಿನಿಂದ ಬಂದ ನ್ಯೂನತೆಯನ್ನು ಸರಿಪಡಿಸುವ ಪ್ಲಾಸ್ಟಿಕ್ ಸರ್ಜರಿಗೂ ಇದೆ, ಕೇವಲ ಚೆಲುವಿಗಾಗಿ ಮಾಡಿಸಿಕೊಳ್ಳುವುದಕ್ಕೆ ಇಲ್ಲ. ಹರಿಹರದವರು ಬಿಲ್ಲಿಲ್ಲದ ಔಷಧಿಯನ್ನು ಮುಖಕ್ಕೆ ಚುಚ್ಚಿಸಿಕೊಳ್ಳುತ್ತಿರುವುದು ಉಳಿತಾಯವಲ್ಲ. ಸಿರಿಂಜ್ ಪೆಟ್ಟಿಗೆಯ ಮೇಲಿನ ಬ್ಯಾಚ್ ಸಂಖ್ಯೆಯ ಚೀಟಿ ನಿಮ್ಮ ಬಳಿ ಇದೆಯೇ? ನಾಳೆ ಗಂಟು ಬಂದರೆ ಏನು ಚುಚ್ಚಿದ್ದರು ಎಂದು ಬೇರೆ ವೈದ್ಯರಿಗೆ ಯಾವ ಆಧಾರದಲ್ಲಿ ಹೇಳುತ್ತೀರಿ?

ಹರಿಹರ:
ತೆರಿಗೆಯ ಪಾಠ ಕೇಳಲು ನಾನು ಬರೆದಿಲ್ಲ. ಪೆಟ್ಟಿಗೆಯನ್ನು ನನ್ನ ಕಣ್ಣೆದುರೇ ಒಡೆಯುತ್ತಾರೆ.

ವಿದ್ಯಾನಗರ, ದಾವಣಗೆರೆ:
ಎಲ್ಲರಿಗೂ ಧನ್ಯವಾದಗಳು. ಆಸ್ಪಿರಿನ್ ವಿಷಯವನ್ನು ಯಾರೂ ಹೇಳಲಿಲ್ಲ.

ಎಂ.ಸಿ.ಸಿ. ಬಿ ಬ್ಲಾಕ್, ದಾವಣಗೆರೆ:
ಆಸ್ಪಿರಿನ್ ರಕ್ತಸ್ರಾವವನ್ನು ಹೆಚ್ಚಿಸುತ್ತದೆ. ಆದರೆ ಹೃದಯಕ್ಕಾಗಿ ಕೊಟ್ಟ ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ, ಹೃದಯ ತಜ್ಞರು ಮತ್ತು ಶಸ್ತ್ರಚಿಕಿತ್ಸಕರು ಮಾತನಾಡಿಕೊಂಡು ನಿರ್ಧರಿಸಲಿ. ಹಳೆಯ ಆಪರೇಷನ್ ಟಿಪ್ಪಣಿಯ ಪ್ರತಿಯನ್ನು ಆ ಆಸ್ಪತ್ರೆಯಿಂದ ಈಗಲೇ ಪಡೆದುಕೊಳ್ಳಿ, ಯಾವ ಪದರವನ್ನು ಮುಟ್ಟಿದ್ದರು ಎಂಬುದು ಅದರಲ್ಲಿರುತ್ತದೆ. ನನ್ನದನ್ನು ಕೊಡಲು ಮೊದಲ ಆಸ್ಪತ್ರೆಯವರು ವಿಪರೀತ ಅಲೆದಾಡಿಸಿದರು. ಇನ್ನು ಚಿತ್ರದುರ್ಗದವರಿಗೆ: ನರದ ಅಪಾಯವನ್ನು ನಾನು ಮುಚ್ಚಿಟ್ಟಿಲ್ಲ, ಮರಗಟ್ಟಿದ ಕಿವಿಯ ಬಗ್ಗೆ ಬರೆದಿದ್ದೇನೆ, ಮತ್ತೊಮ್ಮೆ ಓದಿಕೊಳ್ಳಿ.

ಜೆ.ಸಿ.ಆರ್. ಬಡಾವಣೆ, ಚಿತ್ರದುರ್ಗ:
ಓದಿದೆ. ಕಿವಿ ಮರಗಟ್ಟಿಸುವ ನರ ಬೇರೆ, ಬಾಯಿ ಸೊಟ್ಟಗಾಗಿಸುವ ನರ ಬೇರೆ. ನಾನು ಕೇಳಿದ್ದು ಎರಡನೆಯದನ್ನು.