1.2 ಮೀಟರ್ ಸಾಕು ಅನ್ನೋ ಪೋಸ್ಟರ್: ಸಿವಿಲ್ ಡಿಪ್ಲೊಮಾ ಬ್ಯಾಚ್ ಗುಂಪು

ಗಿರೀಶ: ಮೇಲಿನ ಪೋಸ್ಟರ್ ನೋಡಿ. 11 ಕೆವಿ (11,000 ವೋಲ್ಟ್) ಲೈನ್ ಪಕ್ಕ ಬೂಮ್ ಪಂಪ್‌ಗೆ, ಅಂದ್ರೆ ಗಾಡಿ ಮೇಲಿನ ಉದ್ದ ತೋಳಿಂದ ಕಾಂಕ್ರೀಟ್ ಸುರಿಯೋ ಪಂಪ್‌ಗೆ, 1.2 ಮೀಟರ್ ಅಂತರ ಸಾಕಂತೆ. ನಾಳಿದ್ದು ಸ್ಲ್ಯಾಬ್ ಇದೆ, ಸೈಟಲ್ಲಿ ಅಂಟಿಸ್ತೀನಿ.

ಮಂಜು: ಅಂಟಿಸಬೇಡ. ಆ 1.2 ಮೀಟರ್ ಸಿಇಎ (ಕೇಂದ್ರ ವಿದ್ಯುತ್ ಪ್ರಾಧಿಕಾರ) ನಿಯಮದಲ್ಲಿ ಕಟ್ಟಡಕ್ಕೂ 11 ಕೆವಿ ತಂತಿಗೂ ಇರಬೇಕಾದ ಅಡ್ಡ ಅಂತರ. ಕಟ್ಟಡ ನಿಂತಲ್ಲೇ ಇರುತ್ತೆ, ಬೂಮ್ ಇರಲ್ಲ.

ಗಿರೀಶ: ಆಪರೇಟರ್ ಹಳಬ ಕಣೋ. ರಿಮೋಟಲ್ಲಿ ನಡೆಸ್ತಾನೆ, ಗಾಡಿ ಮುಟ್ಟೋದೇ ಇಲ್ಲ.

ಮಂಜು: ಬೂಮ್ ತಂತಿಗೆ ತಾಗಿದ್ರೆ, ತುದಿಯ ರಬ್ಬರ್ ಹೋಸ್ ಹಿಡಿದವನ ಗತಿ? ರಬ್ಬರ್ ಒಳಗೆ ಉಕ್ಕಿನ ತಂತಿ, ಅದರೊಳಗೆ ಹಸಿ ಕಾಂಕ್ರೀಟ್, ಕಾಲ ಕೆಳಗೆ ಕಂಬಿ. ಕರೆಂಟ್ ಭೂಮಿಗೆ ಇಳಿಯೋದು ಅವನ ಮೈಯಿಂದಲೇ. ಗಾಡಿಗೆ ಕೇಬಲ್‌ನಿಂದ ಜೋಡಿಸಿದ ರಿಮೋಟ್ ಆದ್ರೆ ಆಪರೇಟರಿಗೂ ಅದೇ ಗತಿ.

ಸುಮಾ: ಪಂಪ್ ಒಂದು ಸಿಲಿಂಡರಿಂದ ಇನ್ನೊಂದಕ್ಕೆ ಬದಲಾದಾಗಲೆಲ್ಲ ಬೂಮ್ ತುದಿ ಕುಲುಕುತ್ತೆ. ಪೈಪಲ್ಲಿ ಕಟ್ಟಿಕೊಂಡದ್ದು ಒಮ್ಮೆಲೇ ಬಿಟ್ರೆ ತುದಿಯ ಹೋಸ್ ಚಾಟಿ ಥರ ಬೀಸುತ್ತೆ. ತಂತಿಯೂ ಗಾಳಿಗೆ ತೂಗುತ್ತೆ. ಅಮೆರಿಕದ ಕಾಂಕ್ರೀಟ್ ಪಂಪಿಂಗ್ ಸಂಘ ಹೇಳೋದು 20 ಅಡಿ, ಸುಮಾರು 6 ಮೀಟರ್. ಹೋಸನ್ನೂ ಸೇರಿಸಿ ಅಳೀಬೇಕು.

ಗಿರೀಶ: 30 ಅಡಿ ರಸ್ತೇಲಿ 6 ಮೀಟರ್ ಎಲ್ಲಿಂದ ತರಲಿ?

ಮಂಜು: ಹಾಗಾದ್ರೆ ಬೂಮ್ ಬೇಡ. ನೆಲದ ಮೇಲೆ ನಿಲ್ಲಿಸೋ ಸ್ಟೇಷನರಿ ಪಂಪ್ ತರಿಸು, 125 ಎಂಎಂ ಪೈಪನ್ನ ಕರೆಂಟ್ ಲೈನ್ ಇಲ್ಲದ ಕಡೆಯಿಂದ ಮೇಲಕ್ಕೆ ಏರಿಸು.

ಗಿರೀಶ: ಪೈಪ್ ಜೋಡಿಸೋಕೇ ಅರ್ಧ ದಿನ ಹೋಗುತ್ತೆ. ಲೈನ್‌ಮನ್‌ಗೆ ಫೋನ್ ಮಾಡಿ ಆಫ್ ಮಾಡಿಸಿದ್ರೆ?

ಸುಮಾ: ಫೋನಲ್ಲಿ ಆಫ್ ಮಾಡಿಸಿದ್ದನ್ನ ನಂಬಬೇಡ. ವಿದ್ಯುತ್ ಕಂಪನಿಯ ಸೆಕ್ಷನ್ ಆಫೀಸಿಗೆ ಬರೆದುಕೊಟ್ಟು ಎಲ್‌ಸಿ (ಲೈನ್ ಕ್ಲಿಯರ್, ಲೈನ್ ಆಫ್ ಇದೆ ಅನ್ನೋ ಲಿಖಿತ ಅನುಮತಿ) ತಗೋ. ಅವರು ಜಿಒಎಸ್ (ಮೂರೂ ತಂತಿ ಒಟ್ಟಿಗೆ ಕಡಿಯೋ ಕಂಬದ ಸ್ವಿಚ್) ತೆರೆದು ಬೀಗ ಹಾಕಬೇಕು, ಟೆಸ್ಟ್ ಮಾಡಿ, ಕೆಲಸದ ಜಾಗದ ಎರಡೂ ಕಡೆ ತಂತಿಗೆ ಅರ್ಥಿಂಗ್ ರಾಡ್ ಹಾಕಬೇಕು. ಯಾರದೋ ಜನರೇಟರ್ ಟ್ರಾನ್ಸ್‌ಫಾರ್ಮರ್ ಮೂಲಕ ಹಿಂದಕ್ಕೆ ಕರೆಂಟ್ ಕಳಿಸಿದ್ರೆ ಕಾಪಾಡೋದು ಆ ರಾಡೇ. ಎಲ್‌ಸಿ ವಾಪಸ್ ಕೊಡೋದು ಬೂಮ್ ಪೂರ್ತಿ ಮಡಚಿ ಗಾಡಿ ಮೇಲೆ ಕೂತ ಮೇಲೇನೇ.

ಗಿರೀಶ: ಗಾಡಿಗೆ ಟೈರ್ ಇದೆ, ಔಟ್‌ರಿಗರ್ (ಗಾಡಿ ವಾಲದಂತೆ ಚಾಚೋ ಕಾಲು) ಕೆಳಗೆ ಮರದ ಹಲಗೆ ಇದೆ, ಅಷ್ಟು ಹೆದರಬೇಕಾ?

ಮಂಜು: 11 ಕೆವಿಗೆ ಒದ್ದೆ ಹಲಗೆ ಯಾವ ಲೆಕ್ಕ? ತಾಗಿದ್ರೆ ಸುತ್ತಲ ನೆಲದಲ್ಲೂ ಕರೆಂಟ್ ಹರಡುತ್ತೆ, ಒಂದೊಂದು ಕಾಲಿಗೂ ಬೇರೆ ವೋಲ್ಟೇಜ್. ಹೊರಗಿನವರು ಕನಿಷ್ಠ 10 ಮೀಟರ್ ದೂರ ನಿಲ್ಲಬೇಕು. ಕ್ಯಾಬಿನ್‌ನಲ್ಲಿರೋನು ಇಳೀಬಾರದು, ಬೆಂಕಿ ಹತ್ತಿದ್ರೆ ಮಾತ್ರ ಎರಡೂ ಕಾಲು ಜೋಡಿಸಿ, ಗಾಡಿ ಮುಟ್ಟದೆ ಹಾರಿ, ಪಾದ ಎತ್ತದೆ ಸರೀತಾ ಹೋಗಬೇಕು. ಲೈನ್ ಟ್ರಿಪ್ ಆಯ್ತು ಅಂತ ಹತ್ತಿರ ಹೋದ್ರೆ ಸಬ್‌ಸ್ಟೇಷನ್‌ನಲ್ಲಿ ಮತ್ತೆ ಚಾರ್ಜ್ ಮಾಡಬಹುದು.

ಸುಮಾ: ಮಿಕ್ಸರ್ ಡ್ರೈವರಿಗೂ ಹೇಳು ಗಿರೀಶ. ಮಿಕ್ಸರಿನ ಚ್ಯೂಟ್ (ಕಾಂಕ್ರೀಟ್ ಇಳಿಯೋ ದೋಣಿ) ಪಂಪಿನ ಹಾಪರ್‌ಗೆ (ಕಾಂಕ್ರೀಟ್ ತುಂಬೋ ತೊಟ್ಟಿ) ತಾಗಿದ್ರೆ ಆ ಗಾಡಿಗೂ ಕರೆಂಟ್ ಬರುತ್ತೆ. ಅವನು ಹಿಂದೆ ನಿಂತು ಲಿವರ್ ಹಿಡಿದಿರ್ತಾನೆ.

ಗಿರೀಶ: ಪೋಸ್ಟರ್ ತೆಗೆದೆ. ಪೈಪ್‌ಗೆ ಎಷ್ಟು ಕ್ಲ್ಯಾಂಪ್ ಬೇಕಾಗುತ್ತೆ, ಮಂಜು?